ಹೌದು, ಇಲ್ಲ, ಫೋನ್ ಎತ್ತಲಿಲ್ಲ

ಕೆಲವು ವರ್ಷಗಳ ಹಿಂದೆ ಸುಮಾರು ಎಂಟು ತಿಂಗಳು ನನ್ನ ಕೆಲಸ ಒಂದೇ ಆಗಿತ್ತು. ಫೋನ್ ಮಾಡುವುದು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಒಂದು ಉದ್ಯೋಗ ತರಬೇತಿ ಕಾರ್ಯಕ್ರಮ ಅದು. ಕೋರ್ಸ್ ಮುಗಿಸಿ ಹೋದವರಿಗೆ ಮೂರು ತಿಂಗಳಾದ ಮೇಲೆ ಫೋನ್ ಮಾಡಿ "ಕೆಲಸ ಸಿಕ್ಕಿತಾ?" ಅಂತ ಕೇಳಬೇಕು, ಎಕ್ಸೆಲ್ ಶೀಟಿನಲ್ಲಿ ತುಂಬಬೇಕು. ಆ ಕಾಲಂನಲ್ಲಿ ಮೂರೇ ಆಯ್ಕೆ. ಹೌದು, ಇಲ್ಲ, ಫೋನ್ ಎತ್ತಲಿಲ್ಲ.

ಮೊದಲ ವಾರದಲ್ಲೇ ಒಬ್ಬಳು ಸಿಕ್ಕಳು. "ಸಿಕ್ಕಿತ್ತು ಮೇಡಂ, ಹನ್ನೆರಡು ದಿನ ಹೋದೆ. ಆಮೇಲೆ ರಾತ್ರಿ ಪಾಳಿ ಹಾಕಿದರು. ಮಗು ನೋಡಿಕೊಳ್ಳೋಕೆ ಯಾರೂ ಇಲ್ಲ. ಬಿಟ್ಟುಬಿಟ್ಟೆ" ಅಂದಳು. ಇದನ್ನು ಎಲ್ಲಿ ಹಾಕುವುದು? ಸೂಪರ್‌ವೈಸರ್ ಹತ್ತಿರ ಹೋಗಿ ಕೇಳಿದೆ. ಅವರು ತಲೆ ಎತ್ತದೆ ಹೇಳಿದರು: "ಆಫರ್ ಲೆಟರ್ ಇದೆಯಲ್ಲಾ, ಹೌದು ಹಾಕಿ."

ಅದೇ ದಿನ ಮಧ್ಯಾಹ್ನ ಇನ್ನೊಬ್ಬ. "ನನಗೆ ಮೊದಲೇ ಕೆಲಸ ಗೊತ್ತಾಗಿತ್ತು ಮೇಡಂ, ನಮ್ಮ ಮಾವ ಮಾತಾಡಿಟ್ಟಿದ್ದರು. ಸೇರೋಕೆ ಎರಡು ತಿಂಗಳಿತ್ತು, ಸುಮ್ನೆ ಮನೇಲಿ ಕೂರೋ ಬದಲು ಒಂದು ಸರ್ಟಿಫಿಕೇಟ್ ಇರಲಿ ಅಂತ ಬಂದೆ" ಅಂದ. ಅವನದ್ದೂ ಹೌದು.

ಅಂದರೆ ತರಬೇತಿಯಿಂದ ಏನೂ ಉಪಯೋಗ ಆಗದವನೂ ಹೌದು, ಉಪಯೋಗ ಆಗಿಯೂ ನಿಲ್ಲಲಾಗದವಳೂ ಹೌದು. ಶೀಟಿನಲ್ಲಿ ಇಬ್ಬರೂ ಒಂದೇ ಬಣ್ಣ, ಹಸಿರು.

ಇನ್ನು ಫೋನ್ ಎತ್ತದವರ ಕಥೆ. ಒಂದು ಬ್ಯಾಚಿನಲ್ಲಿ 120 ಜನ ಅಂತ ಇಟ್ಟುಕೊಳ್ಳಿ. 70 ಜನ ಫೋನ್ ಎತ್ತುತ್ತಾರೆ, ಅದರಲ್ಲಿ 56 ಜನ ಹೌದು ಅನ್ನುತ್ತಾರೆ. ರಿಪೋರ್ಟಿನಲ್ಲಿ ಹೋಗುವುದು "80 ಪರ್ಸೆಂಟ್ ಪ್ಲೇಸ್‌ಮೆಂಟ್". ಯಾಕೆಂದರೆ ಫೋನ್ ಎತ್ತದ 50 ಜನರನ್ನು ಲೆಕ್ಕದಿಂದಲೇ ಕೈಬಿಟ್ಟು 56ನ್ನು 70ರಿಂದ ಭಾಗಿಸಿದರು. 120ರಿಂದ ಭಾಗಿಸಿ ನೋಡಿ, 47 ಪರ್ಸೆಂಟ್ ಕೂಡ ಪೂರ್ತಿ ಬರುವುದಿಲ್ಲ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ದುಡ್ಡು ತಿನ್ನಲಿಲ್ಲ. ಬರೀ ಭಾಗಾಕಾರ ಅಷ್ಟೇ.

ಈ ಕೆಲಸ ಬಿಟ್ಟ ಮೇಲೂ ಇದು ತಲೆಯಿಂದ ಹೋಗಲಿಲ್ಲ. ಇಂಥ ಕಾರ್ಯಕ್ರಮಗಳಿಂದ ನಿಜವಾಗಿ ಉಪಯೋಗ ಆಯಿತಾ ಇಲ್ಲವಾ ಅಂತ ಗೊತ್ತುಮಾಡಿಕೊಳ್ಳೋದು ಹೇಗೆ ಅಂತ ಓದುತ್ತಾ ಹೋದೆ. ಇದರ ಬಗ್ಗೆ ಐವತ್ತು ವರ್ಷದಿಂದ ಜನ ಜಗಳ ಆಡುತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಹೆಚ್ಚಿನ ಜಗಳ ಅಮೆರಿಕದಲ್ಲಿ ನಡೆದಿದೆ. ಅಲ್ಲಿ ಸರ್ಕಾರಿ ತರಬೇತಿ ಕಾನೂನುಗಳು ಒಂದರ ಹಿಂದೆ ಒಂದು ಬಂದಿವೆ, ಲೆಕ್ಕ ಇಡುವ ಅಭ್ಯಾಸವೂ ಜೊತೆಗೇ ಬೆಳೆದಿದೆ.

ಮೊದಲ ಪ್ರಶ್ನೆ ಕೇಳೋಕೆ ಸುಲಭ, ಉತ್ತರ ಕಷ್ಟ. ಕೆಲಸ ಸಿಕ್ಕಿದವರಲ್ಲಿ ಎಷ್ಟು ಜನರಿಗೆ ತರಬೇತಿ ಇಲ್ಲದಿದ್ದರೂ ಸಿಗುತ್ತಿತ್ತು? ನೂರು ಜನ ಕಲಿತು 70 ಜನರಿಗೆ ಕೆಲಸ ಸಿಕ್ಕಿತು ಅನ್ನೋಣ. ಕಲಿಯದೆ ಇದ್ದಿದ್ದರೆ ಅದೇ ನೂರರಲ್ಲಿ 65 ಜನರಿಗೆ ಹೇಗಿದ್ದರೂ ಸಿಗುತ್ತಿದ್ದರೆ, ಕಾರ್ಯಕ್ರಮದ ಗಳಿಕೆ ಐದು ಜನ. ಇನ್ನೊಂದು ಕಡೆ ನೂರರಲ್ಲಿ 40 ಜನರಿಗೆ ಮಾತ್ರ ಕೆಲಸ ಸಿಕ್ಕಿದೆ, ಆದರೆ ಅವರೆಲ್ಲ ವರ್ಷಗಟ್ಟಲೆ ಕೆಲಸವಿಲ್ಲದೆ ಇದ್ದವರು, ಹಾಗೇ ಬಿಟ್ಟಿದ್ದರೆ 15 ಜನರಿಗೆ ಸಿಗುತ್ತಿತ್ತೇನೋ. ಅಲ್ಲಿ ಗಳಿಕೆ 25. ಪೇಪರಿನಲ್ಲಿ ಹೊಗಳಿಕೆ ಬರುವುದು ಮಾತ್ರ 70 ತೋರಿಸಿದವರಿಗೆ.

"ಹಾಗಾದರೆ ಮೊದಲು ಎಷ್ಟು ಸಂಪಾದಿಸುತ್ತಿದ್ದರು, ಆಮೇಲೆ ಎಷ್ಟು ಅಂತ ನೋಡಿದರೆ ಆಯಿತಲ್ಲಾ?" ನಾನೂ ಹಾಗೇ ಅಂದುಕೊಂಡಿದ್ದೆ. ಅದರಲ್ಲೂ ಒಂದು ಗುಂಡಿ ಇದೆ. ಓರ್ಲಿ ಆಶೆನ್‌ಫೆಲ್ಟರ್ ಎಂಬ ಅರ್ಥಶಾಸ್ತ್ರಜ್ಞ 1978ರಲ್ಲಿ ಒಂದು ಲೇಖನ ಬರೆದರು. 1964ರಲ್ಲಿ ಅಮೆರಿಕದ ಸರ್ಕಾರಿ ತರಬೇತಿಗೆ ಸೇರಿದವರ ಗಳಿಕೆಯನ್ನು ವರ್ಷ ವರ್ಷಕ್ಕೆ ಹಿಡಿದು ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಸೇರುವುದಕ್ಕೆ ಸ್ವಲ್ಪ ಮುಂಚೆ ಅವರ ಸರಾಸರಿ ಗಳಿಕೆ ಬಿದ್ದಿತ್ತು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ, ಕೆಲಸ ಹೋದವರೇ ತಾನೇ ತರಬೇತಿಗೆ ಬರುವುದು? ಕೈತುಂಬ ಸಂಬಳ ಬರುತ್ತಿರುವಾಗ ಯಾರು ಅರ್ಜಿ ಹಾಕುತ್ತಾರೆ? ಆದರೆ ಹೀಗೆ ಬಿದ್ದವರಲ್ಲಿ ಅನೇಕರು ಏನೂ ಮಾಡದಿದ್ದರೂ ಕೆಲವು ತಿಂಗಳಲ್ಲಿ ತಾವಾಗಿಯೇ ಏಳುತ್ತಾರೆ. ಬಿದ್ದ ಜಾಗದಿಂದ ಅಳೆಯೋಕೆ ಶುರು ಮಾಡಿದರೆ ಆ ಏಳುವಿಕೆ ಪೂರ್ತಿ ತರಬೇತಿಯ ಖಾತೆಗೆ ಜಮಾ ಆಗುತ್ತದೆ. ನೆಗಡಿ ಬಂದು ಮೂರನೇ ದಿನ ಮಾತ್ರೆ ನುಂಗಿ, ಏಳನೇ ದಿನ ವಾಸಿಯಾದಾಗ ಮಾತ್ರೆ ಒಳ್ಳೇದು ಅಂದ ಹಾಗೆ. ಈ ತಗ್ಗಿಗೆ ಅವರ ಹೆಸರೇ ನಿಂತಿದೆ, ಆಶೆನ್‌ಫೆಲ್ಟರ್ ಡಿಪ್ ಅಂತಲೇ ಕರೆಯುತ್ತಾರೆ.

ಇದಕ್ಕೆ ಸರಿಯಾದ ದಾರಿ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ, ಚೀಟಿ ಎತ್ತುವುದು. ಸೀಟು ಕಡಿಮೆ, ಅರ್ಜಿ ಜಾಸ್ತಿ ಇದ್ದಾಗ ಚೀಟಿ ಎತ್ತಿ ಕೆಲವರನ್ನು ಸೇರಿಸಿಕೊಂಡು, ಮಿಕ್ಕವರ ಗಳಿಕೆಯನ್ನೂ ಅಷ್ಟೇ ಕಾಲ ಹಿಂಬಾಲಿಸಬೇಕು. ಎರಡೂ ಗುಂಪಿನಲ್ಲಿ ಹುಷಾರಿರುವವರೂ ಇರುತ್ತಾರೆ, ಮಾವ ಕೆಲಸ ಕೊಡಿಸುವವರೂ ಇರುತ್ತಾರೆ, ಬಿದ್ದು ಏಳುವವರೂ ಇರುತ್ತಾರೆ. ಆದ್ದರಿಂದ ಕೊನೆಗೆ ಉಳಿಯುವ ವ್ಯತ್ಯಾಸ ತರಬೇತಿಯದ್ದು. "ಸಿಗದವರಿಗೆ ಅನ್ಯಾಯ ಅಲ್ವಾ?" ಅಂತ ಕೇಳುವವರಿದ್ದಾರೆ. ಸೀಟೇ ಇಲ್ಲದಿರುವಾಗ ಹೇಗೂ ಯಾರಿಗಾದರೂ ಸಿಗುವುದಿಲ್ಲ. ಮೊದಲು ಬಂದವರಿಗೆ ಅಥವಾ ಪರಿಚಯ ಇದ್ದವರಿಗೆ ಕೊಡುವುದಕ್ಕಿಂತ ಚೀಟಿ ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ.

ಅಮೆರಿಕದಲ್ಲಿ 1982ರ ಜೆಟಿಪಿಎ ಎಂಬ ಕಾನೂನಿನಡಿ ನಡೆಯುತ್ತಿದ್ದ ತರಬೇತಿಯನ್ನು ಹೀಗೇ ಪರೀಕ್ಷೆ ಮಾಡಿದರು. 1987ರ ಕೊನೆಯಲ್ಲಿ ಶುರು, 16 ಊರು-ಪ್ರದೇಶಗಳು, ಸುಮಾರು 20,000 ಅರ್ಜಿದಾರರು. ಮೂರರಲ್ಲಿ ಇಬ್ಬರನ್ನು ಒಳಗೆ ತೆಗೆದುಕೊಂಡರು, ಒಬ್ಬರನ್ನು ಹೊರಗಿಟ್ಟರು. ವಯಸ್ಕ ಹೆಂಗಸರಿಗೂ ಗಂಡಸರಿಗೂ ಗಳಿಕೆ ಸ್ವಲ್ಪ ಹೆಚ್ಚಿತು. ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಪ್ಲೇಸ್‌ಮೆಂಟ್ ಪಟ್ಟಿ ನೋಡಿದ್ದರೆ ಈ ವ್ಯತ್ಯಾಸ ಯಾರಿಗೂ ಕಾಣುತ್ತಿರಲಿಲ್ಲ.

ಇದೇ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಇನ್ನೊಂದು ಲೇಖನ ಇದೆ. 1986ರಲ್ಲಿ ರಾಬರ್ಟ್ ಲಾಲಾಂಡ್ ಬರೆದದ್ದು. 70ರ ದಶಕದಲ್ಲಿ ಒಂದು ಕಾರ್ಯಕ್ರಮ ಚೀಟಿ ಎತ್ತಿಯೇ ನಡೆದಿತ್ತು, ಸರಿಯುತ್ತರ ಕೈಯಲ್ಲಿತ್ತು. ಲಾಲಾಂಡ್ ಏನು ಮಾಡಿದರು ಅಂದರೆ, ಚೀಟಿಯಲ್ಲಿ ಹೊರಗುಳಿದವರನ್ನು ಪಕ್ಕಕ್ಕಿಟ್ಟು, ದೇಶದ ಸಾಮಾನ್ಯ ಸಮೀಕ್ಷೆಗಳಿಂದ ಹೋಲಿಕೆಗೆ ಜನರನ್ನು ಆರಿಸಿಕೊಂಡು, ಆಗ ಎಲ್ಲರೂ ಬಳಸುತ್ತಿದ್ದ ಲೆಕ್ಕದ ವಿಧಾನಗಳಿಂದ ಅದೇ ಉತ್ತರ ಬರುತ್ತದಾ ಅಂತ ನೋಡಿದರು. ಬರಲಿಲ್ಲ. ಒಂದೊಂದು ವಿಧಾನಕ್ಕೆ ಒಂದೊಂದು ಉತ್ತರ, ಕೆಲವು ಬಹಳ ದೂರ. ಪರೀಕ್ಷಕರಿಗೇ ಪರೀಕ್ಷೆ ಕೊಟ್ಟ ಹಾಗಾಯಿತು. ಆಮೇಲೆ ವಿಧಾನಗಳು ಸುಧಾರಿಸಿವೆ ಅನ್ನುವುದು ಬೇರೆ ಮಾತು, ಆ ವಾದ ಇನ್ನೂ ಮುಗಿದಿಲ್ಲ.

ಎಲ್ಲ ಕಡೆ, ಎಲ್ಲ ಬ್ಯಾಚಿಗೆ ಚೀಟಿ ಎತ್ತುತ್ತಾ ಕೂರೋಕೆ ಆಗುವುದಿಲ್ಲ, ಅದು ನಿಜ. ದಿನನಿತ್ಯ ಕೇಂದ್ರ ನಡೆಸುವವರಿಗೆ ಏನಾದರೂ ಒಂದು ಅಳತೆಗೋಲು ಬೇಕು. ಅಲ್ಲೇ ತಮಾಷೆ ಶುರುವಾಗುವುದು.

ಜೆಟಿಪಿಎ ಕಾಲದಲ್ಲಿ ಕೇಂದ್ರಗಳಿಗೆ ಟಾರ್ಗೆಟ್ ಇತ್ತು, ಟಾರ್ಗೆಟ್ ಮುಟ್ಟಿದರೆ ಹೆಚ್ಚುವರಿ ಹಣ ಇತ್ತು. ಕಾರ್ಯಕ್ರಮದ ಪಟ್ಟಿಯಿಂದ ಹೆಸರು ತೆಗೆಯುವ ದಿನ ಅಭ್ಯರ್ಥಿಗೆ ಕೆಲಸ ಇದೆಯಾ ಅನ್ನುವುದು ಒಂದು ಮುಖ್ಯ ಅಳತೆ. ಆದರೆ ತರಬೇತಿ ಮುಗಿದ ಮೇಲೂ 90 ದಿನದವರೆಗೆ ಹೆಸರನ್ನು ಪಟ್ಟಿಯಲ್ಲೇ ಇಟ್ಟುಕೊಳ್ಳಬಹುದಿತ್ತು. ಏನಾಗಿರುತ್ತದೆ ಹೇಳಿ? ಕೆಲಸ ಸಿಕ್ಕಿದವನ ಹೆಸರನ್ನು ತಕ್ಷಣ ತೆಗೆದು ಲೆಕ್ಕಕ್ಕೆ ಸೇರಿಸಿಕೊಳ್ಳುವುದು, ಸಿಗದವನ ಹೆಸರನ್ನು ಹಾಗೇ ಎಳೆದುಕೊಂಡು ಹೋಗುವುದು, ಯಾವತ್ತಾದರೂ ಒಂದು ದಿನ ಸಿಕ್ಕೀತು ಅಂತ. ಪಾಸ್ಕಲ್ ಕೂರ್ಟಿ ಮತ್ತು ಜೆರಾಲ್ಡ್ ಮಾರ್ಶ್ಕೆ ಎಂಬಿಬ್ಬರು ದಾಖಲೆಗಳನ್ನು ಜಾಲಾಡಿ ಕೇಂದ್ರಗಳು ಹೀಗೆ ದಿನ ನೋಡಿ ಹೆಸರು ತೆಗೆಯುತ್ತಿದ್ದವು ಅಂತ ತೋರಿಸಿದರು. ನಮ್ಮ ಸೂಪರ್‌ವೈಸರ್ ಅವರ ಲೇಖನ ಓದಿರಲಿಕ್ಕಿಲ್ಲ. ಆದರೂ ಈ ವಿದ್ಯೆ ಅವರಿಗೆ ಚೆನ್ನಾಗಿ ಬರುತ್ತಿತ್ತು. ಟಾರ್ಗೆಟ್ ಇರುವ ಕಡೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು, ಕೆನೆ ತೆಗೆಯುವುದು. ಅರ್ಥಶಾಸ್ತ್ರದವರೂ ಇದನ್ನು ಹೀಗೇ ಕರೆಯುತ್ತಾರೆ. ಬಾಗಿಲಲ್ಲೇ ನಿಂತು, ಯಾರಿಗೆ ಹೇಗಿದ್ದರೂ ಕೆಲಸ ಸಿಗುತ್ತದೋ ಅಂಥವರನ್ನೇ ಒಳಗೆ ಬಿಡುವುದು. ಜೆಟಿಪಿಎ ನಂತರ 1998ರಲ್ಲಿ ಬಂದ ಕಾನೂನಿನ ಕಾಲದಲ್ಲಂತೂ ಒಂದು ಜಾಣ ದಾರಿ ಇತ್ತು. ಅಭ್ಯರ್ಥಿಯ ಹೆಸರನ್ನು ಅಧಿಕೃತವಾಗಿ ದಾಖಲಿಸಿದ ಮೇಲೆ ಮಾತ್ರ ಆತ ಲೆಕ್ಕಕ್ಕೆ ಬರುತ್ತಾನೆ. ಹಾಗಾಗಿ ಗೆಲ್ಲುವ ಸೂಚನೆ ಕಾಣದವರನ್ನು ದಾಖಲಿಸದೆ ತಡಮಾಡುತ್ತಿದ್ದರು. ತೀರಾ ಅಗತ್ಯ ಇರುವವನೇ ಕೇಂದ್ರಕ್ಕೆ ಹೊರೆ. ಎರಡು ವರ್ಷ ಕೆಲಸ ಇಲ್ಲದವನು, ಜೈಲಿಗೆ ಹೋಗಿ ಬಂದವನು, ಓದು ಅರ್ಧಕ್ಕೆ ನಿಂತವಳು ಇವರೆಲ್ಲ ಆ ಪರ್ಸೆಂಟನ್ನು ಕೆಳಗೆ ಎಳೆಯುವವರು.

ಕೆನೆ ತೆಗೆದರೂ ಪರವಾಗಿಲ್ಲ, ಅಂಥವರಿಗೇ ತರಬೇತಿಯಿಂದ ಜಾಸ್ತಿ ಲಾಭ ಆಗುತ್ತಿದ್ದರೆ ಒಪ್ಪೋಣ ಅಂತ ವಾದ ಮಾಡಬಹುದು. ಜೇಮ್ಸ್ ಹೆಕ್‌ಮನ್ ಎಂಬ ಅರ್ಥಶಾಸ್ತ್ರಜ್ಞ ಮತ್ತು ಜೊತೆಗಾರರು 2002ರಲ್ಲಿ ಅದನ್ನೇ ಪರೀಕ್ಷಿಸಿದರು. ಮೊದಲ ತಿಂಗಳುಗಳ ಪ್ಲೇಸ್‌ಮೆಂಟ್ ಅಂಕಿಗಳಿಗೂ, ಚೀಟಿ ಪ್ರಯೋಗದಿಂದ ಸಿಕ್ಕ ನಿಜವಾದ ದೀರ್ಘಕಾಲದ ಲಾಭಕ್ಕೂ ಏನಾದರೂ ಸಂಬಂಧ ಇದೆಯಾ? ಹೆಚ್ಚುಕಮ್ಮಿ ಇಲ್ಲ. ಕೆಲವು ಕಡೆ ಉಲ್ಟಾ. ನಾನು ಎಂಟು ತಿಂಗಳು ತುಂಬಿದ ಕಾಲಂ ಬಗ್ಗೆ ಇದನ್ನು ಓದಿದ ದಿನ ಸ್ವಲ್ಪ ಬೇಜಾರಾಯಿತು.

ನ್ಯಾಯವಾಗಿ ಹೇಳಬೇಕೆಂದರೆ ಸುಧಾರಣೆಯೂ ಆಗಿದೆ. 2014ರಲ್ಲಿ ಅಲ್ಲಿ ಬಂದ ಡಬ್ಲ್ಯೂಐಓಎ ಕಾನೂನಿನಲ್ಲಿ ಕಾರ್ಯಕ್ರಮ ಬಿಟ್ಟು ಹೋದ ನಂತರದ ಎರಡನೇ ತ್ರೈಮಾಸಿಕದಲ್ಲಿ ಒಮ್ಮೆ, ನಾಲ್ಕನೇ ತ್ರೈಮಾಸಿಕದಲ್ಲಿ ಇನ್ನೊಮ್ಮೆ ಕೆಲಸ ಇದೆಯಾ ಅಂತ ನೋಡುತ್ತಾರೆ. ಗಳಿಕೆಯ ಮಧ್ಯಾಂಕ, ಅಂದರೆ ಎಲ್ಲರನ್ನೂ ಗಳಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಗಳಿಕೆ, ನೋಡುತ್ತಾರೆ, ಸರ್ಟಿಫಿಕೇಟ್ ಸಿಕ್ಕಿತಾ, ಕಲಿಕೆಯಲ್ಲಿ ಮುಂದೆ ಹೋದರಾ ಅಂತಲೂ ನೋಡುತ್ತಾರೆ. ಮುಖ್ಯವಾಗಿ, ಫೋನ್ ಮಾಡಿ ಕೇಳುವುದಕ್ಕಿಂತ ಮಾಲೀಕರು ಸರ್ಕಾರಕ್ಕೆ ಸಲ್ಲಿಸುವ ಸಂಬಳದ ದಾಖಲೆಯನ್ನೇ ನೆಚ್ಚಿಕೊಳ್ಳುತ್ತಾರೆ. ಫೋನ್ ಎತ್ತಲಿಲ್ಲ ಎಂಬ ಕಾಲಂ ಅಲ್ಲಿ ಹೆಚ್ಚುಕಮ್ಮಿ ಮಾಯ. (ಸ್ವಂತ ಕೆಲಸ ಮಾಡುವವರು, ಆ್ಯಪ್ ನಂಬಿ ದುಡಿಯುವವರು ಆ ದಾಖಲೆಯಲ್ಲಿ ಬರುವುದಿಲ್ಲ, ಅದೊಂದು ತೂತು.) ಇನ್ನೊಂದು ಒಳ್ಳೆಯದೇನೆಂದರೆ ಟಾರ್ಗೆಟ್ ಎಲ್ಲರಿಗೂ ಒಂದೇ ಅಲ್ಲ. ಬರುವ ಜನ ಎಂಥವರು, ಆ ಪ್ರದೇಶದಲ್ಲಿ ಕೆಲಸಗಳು ಎಷ್ಟಿವೆ ಎಂಬುದನ್ನು ಸೇರಿಸಿಕೊಂಡು ಅಂಕಿಶಾಸ್ತ್ರದ ಮಾದರಿಯಿಂದ ಟಾರ್ಗೆಟ್ ಹೊಂದಿಸುತ್ತಾರೆ. ಕಷ್ಟದವರನ್ನು ಸೇರಿಸಿಕೊಂಡ ಕೇಂದ್ರಕ್ಕೆ ಪೂರ್ತಿ ದಂಡ ಬೀಳುವುದಿಲ್ಲ. ಅಷ್ಟಾದರೂ "ತರಬೇತಿ ಇಲ್ಲದಿದ್ದರೆ ಏನಾಗುತ್ತಿತ್ತು" ಎಂಬ ಪ್ರಶ್ನೆಗೆ ಇದು ಉತ್ತರ ಅಲ್ಲ.

ಮೂರು ತಿಂಗಳಿಗೆ ಫೋನ್ ಮಾಡುವುದರಲ್ಲಿ ಮತ್ತೊಂದು ತೊಂದರೆ ಇದೆ, ಮತ್ತು ಇದು ತರಬೇತಿಯ ವಿರುದ್ಧವೇ ಅನ್ಯಾಯ. ಕಲಿಯುತ್ತಾ ಕೂತಿರುವವನು ಕೆಲಸ ಹುಡುಕುತ್ತಿರುವುದಿಲ್ಲ. ಅಷ್ಟರಲ್ಲಿ ಹೊರಗುಳಿದವನು ಸಿಕ್ಕಿದ ಕೆಲಸಕ್ಕೆ ಸೇರಿ ಸಂಬಳ ಎಣಿಸುತ್ತಿರುತ್ತಾನೆ. ಹಾಗಾಗಿ ಮೊದಮೊದಲು ತರಬೇತಿಗೆ ಬಂದವನೇ ಹಿಂದೆ ಬೀಳುತ್ತಾನೆ. ಡೇವಿಡ್ ಕಾರ್ಡ್, ಯೋಖೆನ್ ಕ್ಲುವೆ, ಆಂಡ್ರಿಯಾ ವೆಬರ್ ಈ ಮೂವರು ಬೇರೆ ಬೇರೆ ದೇಶಗಳ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಹಾಕಿ 2018ರಲ್ಲಿ ಬರೆದದ್ದು ಇದನ್ನೇ. ಮೊದಲ ವರ್ಷದಲ್ಲಿ ಪರಿಣಾಮ ಸರಾಸರಿ ಸೊನ್ನೆಯ ಆಸುಪಾಸು, ಎರಡು ಮೂರು ವರ್ಷ ಕಳೆದ ಮೇಲೆ ಲಾಭ ಕಾಣುತ್ತದೆ, ಅದರಲ್ಲೂ ಕಲಿಸುವ ಕಾರ್ಯಕ್ರಮಗಳಲ್ಲಿ. ಹೆಂಗಸರಿಗೆ ಮತ್ತು ಬಹಳ ಕಾಲ ಕೆಲಸವಿಲ್ಲದವರಿಗೆ ಹೆಚ್ಚು ಲಾಭ. ಅಂದರೆ ಕೆನೆ ತೆಗೆಯುವವರು ಬಾಗಿಲಲ್ಲಿ ತಡೆಯುವವರಿಗೇ.

ಆದರೆ ಎರಡು ವರ್ಷ ಕಾದು ಚೆನ್ನಾಗಿದೆ ಅಂತ ಬರೆದು ಫೈಲ್ ಮುಚ್ಚುವ ಹಾಗೂ ಇಲ್ಲ. ಜಾಬ್ ಕೋರ್ ಅಂತ ಒಂದು ಕಾರ್ಯಕ್ರಮ ಅಮೆರಿಕದಲ್ಲಿ 1964ರಲ್ಲಿ ಶುರುವಾಯಿತು. ಬಡ ಮನೆಗಳ ಯುವಕ ಯುವತಿಯರು ಹೆಚ್ಚಾಗಿ ಅಲ್ಲೇ ಉಳಿದುಕೊಂಡು ಕಲಿಯುತ್ತಾರೆ, ಖರ್ಚೂ ಬಹಳ. 90ರ ದಶಕದಲ್ಲಿ ಚೀಟಿ ಎತ್ತಿ ಪರೀಕ್ಷೆ ಮಾಡಿದಾಗ ಮೊದಲು ಗಳಿಕೆ ಇಳಿಯಿತು, ಮೂರನೇ ನಾಲ್ಕನೇ ವರ್ಷಕ್ಕೆ ಏರಿತು. ಎಲ್ಲರಿಗೂ ಖುಷಿ. ಇನ್ನೂ ಮುಂದಕ್ಕೆ ತೆರಿಗೆ ದಾಖಲೆ ತೆಗೆದು ನೋಡಿದರೆ ಆ ಏರಿಕೆ ಕರಗಿಹೋಗಿತ್ತು. ಸೇರುವಾಗ 20ರಿಂದ 24 ವಯಸ್ಸಾಗಿದ್ದವರಲ್ಲಿ ಮಾತ್ರ ಉಳಿದಿತ್ತು. ಒಂದೇ ಕಾರ್ಯಕ್ರಮ, ಯಾವ ವರ್ಷ ಫೋನ್ ಮಾಡುತ್ತೀರಿ ಅನ್ನುವುದರ ಮೇಲೆ ಮೂರು ಉತ್ತರ.

ಚೀಟಿ ಪ್ರಯೋಗಕ್ಕೂ ಒಂದು ಕುರುಡು ಜಾಗ ಇದೆ. ಹತ್ತು ಖಾಲಿ ಕುರ್ಚಿ ಇವೆ, ತರಬೇತಿ ಪಡೆದವನು ಬೇಗ ಓಡಿ ಕೂತ. ಅವನ ಪಕ್ಕದವನು ನಿಂತೇ ಉಳಿದ. ಇಬ್ಬರನ್ನು ಹೋಲಿಸಿದರೆ ತರಬೇತಿ ಗೆದ್ದಂತೆ ಕಾಣುತ್ತದೆ, ಆದರೆ ಕುರ್ಚಿ ಹೆಚ್ಚಾಗಲೇ ಇಲ್ಲ. ಫ್ರಾನ್ಸಿನಲ್ಲಿ ಓದಿದ ನಿರುದ್ಯೋಗಿ ಯುವಜನರಿಗೆ ಕೆಲಸ ಹುಡುಕಲು ನೆರವಾಗುವ ಕಾರ್ಯಕ್ರಮವನ್ನು 235 ಪ್ರದೇಶಗಳಲ್ಲಿ ಪರೀಕ್ಷಿಸಿದರು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಕೂಡ ಆ ತಂಡದಲ್ಲಿದ್ದರು, ಫಲಿತಾಂಶ 2013ರಲ್ಲಿ ಬಂತು. ಅವರು ಎರಡು ಸಲ ಚೀಟಿ ಎತ್ತಿದರು. ಮೊದಲು ಯಾವ ಪ್ರದೇಶದಲ್ಲಿ ಎಷ್ಟು ಪಾಲು ಜನರಿಗೆ ನೆರವು ಅಂತ, ಆಮೇಲೆ ಯಾರಿಗೆ ಅಂತ. ನೆರವು ಸಿಕ್ಕವರಿಗೆ ಬೇಗ ಕೆಲಸ ಸಿಕ್ಕಿತು, ನಿಜ. ಆದರೆ ಅದೇ ಪ್ರದೇಶದಲ್ಲಿ ನೆರವು ಸಿಗದವರ ಸ್ಥಿತಿ ಇಳಿಯಿತು, ಒಂದಷ್ಟು ಲಾಭ ಅವರ ಕಿಸೆಯಿಂದಲೇ ಬಂದಿತ್ತು. ಆ ಲಾಭವೂ ಬಹಳ ದಿನ ನಿಲ್ಲಲಿಲ್ಲ. ಬಯೋಡೇಟಾ ತಿದ್ದಿಕೊಡುವ ಕಾರ್ಯಕ್ರಮಗಳ ಬಗ್ಗೆ ನನಗೆ ಅನುಮಾನ ಬಂದದ್ದು ಇದನ್ನು ಓದಿದ ಮೇಲೆ.

ಹಾಗಂತ ಎಲ್ಲವೂ ದಂಡ ಅಂತ ಅಲ್ಲ. ಒಂದು ವಲಯದ ಕೆಲಸಕ್ಕೆ ಗುರಿಯಿಟ್ಟು, ಆ ವಲಯದ ಕಂಪನಿಗಳ ಜೊತೆ ಕೂತು ಪಾಠ ರೂಪಿಸುವ ಕೆಲವು ಕಾರ್ಯಕ್ರಮಗಳು ಚೀಟಿ ಪರೀಕ್ಷೆಯಲ್ಲೂ ಚೆನ್ನಾಗಿ ಗೆದ್ದಿವೆ. ನ್ಯೂಯಾರ್ಕಿನ ಪರ್ ಸ್ಕಾಲಸ್ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಕೆಲಸ ಕಲಿಸುತ್ತದೆ. ಇಯರ್ ಅಪ್ ಎಂಬುದು ಆರು ತಿಂಗಳು ಕಲಿಸಿ ಆರು ತಿಂಗಳು ಕಂಪನಿಯಲ್ಲಿ ಇಂಟರ್ನ್ ಆಗಿ ಕೂರಿಸುತ್ತದೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ 1992ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಕ್ವೆಸ್ಟ್ ಹೆಚ್ಚಾಗಿ ನರ್ಸಿಂಗ್ ಥರದ ಕೆಲಸಗಳಿಗೆ ಓದಿಸುತ್ತದೆ, ಅದರ ಲಾಭ ಹತ್ತು ವರ್ಷ ದಾಟಿಯೂ ಕಂಡಿದೆ. ಇವರೂ ಅರ್ಜಿದಾರರನ್ನು ಸೋಸುತ್ತಾರೆ ಅನ್ನಬಹುದು. ಸೋಸುತ್ತಾರೆ, ಪರೀಕ್ಷೆ ಸಂದರ್ಶನ ಎಲ್ಲ ಇದೆ. ಆದರೆ ಸೋಸಿ ಉಳಿದವರ ನಡುವೆ ಚೀಟಿ ಎತ್ತಿ ಹೋಲಿಸಿದ್ದಾರೆ, ಆದ್ದರಿಂದ ಆ ಲಾಭ ಕೆನೆಯದ್ದಲ್ಲ. ಸೋಸಿದ ಮೇಲೆ ಹೊರಗೆ ಬಿದ್ದವರಿಗೆ ಏನು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ, ಅದಕ್ಕೆ ಬೇರೆಯೇ ಕಾರ್ಯಕ್ರಮ ಬೇಕು.

ಈಗ ಯಾರಾದರೂ 90 ಪರ್ಸೆಂಟ್ ಪ್ಲೇಸ್‌ಮೆಂಟ್ ಅಂದರೆ ನಾನು ಮೊದಲು ಕೇಳುವುದು ಎಷ್ಟರಲ್ಲಿ 90 ಅಂತ. ಸೇರಿದವರಲ್ಲಾ, ಮುಗಿಸಿದವರಲ್ಲಾ, ಫೋನ್ ಎತ್ತಿದವರಲ್ಲಾ? ಆಮೇಲೆ ಯಾವ ದಿನ ಎಣಿಸಿದರು, ಒಂದು ವರ್ಷದ ನಂತರ ಅದೇ ಜನರ ಸಂಬಳ ಎಷ್ಟು, ಬಾಗಿಲಲ್ಲಿ ಯಾರನ್ನು ವಾಪಸ್ ಕಳಿಸಿದರು. ಈ ಕೊನೆಯ ಪ್ರಶ್ನೆಗೆ ಇವತ್ತಿನವರೆಗೆ ನನಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ.

ನಮ್ಮ ಶೀಟಿನಲ್ಲಿ ಕೊನೆಗೆ ಷರಾ ಅಂತ ಒಂದು ಕಾಲಂ ಇತ್ತು. ಹೌದು ಇಲ್ಲಗಳಲ್ಲಿ ಹಿಡಿಯದ್ದನ್ನೆಲ್ಲ ನಾನು ಅಲ್ಲಿ ಬರೆಯುತ್ತಿದ್ದೆ. ಹನ್ನೆರಡು ದಿನ, ರಾತ್ರಿ ಪಾಳಿ, ಮಗು. ರಿಪೋರ್ಟ್ ಮೇಲೆ ಹೋಗುವಾಗ ಆ ಕಾಲಂ ಮುಚ್ಚಿ ಪ್ರಿಂಟ್ ತೆಗೆಯುತ್ತಿದ್ದರು, ಇಲ್ಲದಿದ್ದರೆ ಒಂದು ಹಾಳೆಯಲ್ಲಿ ಕೂರುವುದಿಲ್ಲ ಅಂತ. ಕೆಲಸ ಬಿಡುವ ಮುಂಚೆ ಒಂದು ಶನಿವಾರ ಕೂತು ಷರಾಗಳನ್ನೆಲ್ಲ ಎಣಿಸಿದೆ. ಕೆಲಸಕ್ಕೆ ಸೇರಿ ಬಿಟ್ಟ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ರಾತ್ರಿ ಪಾಳಿಯ ಕಾರಣ ಹೇಳಿದ್ದರು. ಕಂಪನಿಗಳ ಜೊತೆ ಪಾಳಿ ಬಗ್ಗೆ ಮಾತಾಡಿ ಅಂತ ಒಂದು ಪುಟ ಬರೆದು ಕೊಟ್ಟೆ. ಸೂಪರ್‌ವೈಸರ್ ಪೂರ್ತಿ ಓದಿದರು, ಒಳ್ಳೆ ಪಾಯಿಂಟ್ ಅಂದರು.

ಮುಂದಿನ ಬ್ಯಾಚಿನ ಅರ್ಜಿ ಫಾರಂನಲ್ಲಿ ಹೊಸ ಪ್ರಶ್ನೆ ಸೇರಿತ್ತು. "ರಾತ್ರಿ ಪಾಳಿ ಮಾಡಲು ಒಪ್ಪಿಗೆ ಇದೆಯೇ?" ಇಲ್ಲ ಅಂತ ಬರೆದವರನ್ನು ಸಂದರ್ಶನಕ್ಕೇ ಕರೆಯಲಿಲ್ಲ. ಆ ಬ್ಯಾಚಿನ ಪ್ಲೇಸ್‌ಮೆಂಟ್ 88 ಪರ್ಸೆಂಟ್ ಬಂತು ಅಂತ ಆಮೇಲೆ ಕೇಳಿದೆ.